ಹಳೆ ಥಾರ್, ಹೊಸ ಥಾರ್, ಜಿಮ್ನಿ: ಸೆಕೆಂಡ್ ಹ್ಯಾಂಡ್ ಜೀಪಿಗೆ ತೋಟದ ದಾರಿಯ ಪರೀಕ್ಷೆ

ಕೊಡಗಿನ ತೋಟದ ದಾರಿಗಳು ಜೀಪು ಓಡಿ ಓಡಿ ಆದ ದಾರಿಗಳು. ವಿಲ್ಲಿಸ್ ಜೀಪಿನ ಕಾಲದಲ್ಲಿ ಗುಡ್ಡದ ಬರೆ ಕಡಿದು ಮಾಡಿದ್ದು, ಆಮೇಲೆ ಮಹೀಂದ್ರಾದ ಎಂಎಂ 540 ಜೀಪು ಓಡಿ ಗಟ್ಟಿಯಾದದ್ದು. ಗೇಟಿನ ಕಲ್ಲುಕಂಬ, ತೋಡಿನ ಮೇಲಿನ ಮೋರಿ, ಕೆಲಸದವರ ಲೈನ್ ಮನೆ ಹತ್ತಿರದ ತಿರುವು, ಎಲ್ಲದರ ಅಗಲವೂ ಆ ಹಳೆ ಜೀಪಿನ ಲೆಕ್ಕದ್ದೇ. ಈಗ ಅದೇ ಹಳೆ ಮುಖ ಹೊತ್ತು ಮಹೀಂದ್ರಾ ಥಾರ್, ಮಾರುತಿ ಜಿಮ್ನಿಯಂಥ ಹೊಸ ಗಾಡಿಗಳು ಬಂದಿವೆ. ಒಂದಿಷ್ಟು ವರ್ಷ ಓಡಿ ಸೆಕೆಂಡ್ ಹ್ಯಾಂಡ್‌ಗೂ ಸಿಗುತ್ತಿವೆ. ಒಂದನ್ನು ತಗೊಳ್ಳೋಣ ಅಂತ ಹೊರಟಾಗ ನನಗಿದ್ದ ಪ್ರಶ್ನೆ ಒಂದೇ. ಮುಖ ಹಳೆ ಜೀಪಿನದ್ದು, ಸರಿ. ಅದು ಮಾಡುತ್ತಿದ್ದ ಕೆಲಸವನ್ನೂ ಇದು ಮಾಡುತ್ತದಾ?

ನಮ್ಮ ತೋಟ ನಾಪೋಕ್ಲು ಕಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾರಿಯ ಕೆಂಪು ಮಣ್ಣು ಸೋಪಿನ ಹಾಗೆ ಜಾರುತ್ತದೆ. ಕಣದಿಂದ ಮೇಲಿನ ರಸ್ತೆಗೆ ಬರುವ ಏರು ಚಿಕ್ಕದೇ. ಆದರೆ ನಡುವೆ ಒಂದು ಕಡೆ ಮಳೆನೀರು ಕೊರೆದು ಆಳವಾದ ಗುಂಡಿ ಮಾಡಿದೆ. ಅಲ್ಲೇ ತಿರುವು ಬೇರೆ. ನೋಡಲು ಸಿಕ್ಕ ಮೂರು ಗಾಡಿಗಳನ್ನೂ ಮಾಲೀಕರನ್ನು ಒಪ್ಪಿಸಿ ಇಲ್ಲಿಗೇ ತಂದು ಓಡಿಸಿದೆ. ಗೋಣಿಕೊಪ್ಪದ ಬೆಳೆಗಾರರೊಬ್ಬರ 2016ರ ಥಾರ್ ಸಿಆರ್‌ಡಿಇ, ಕುಶಾಲನಗರದ 2021ರ ಹೊಸ ಥಾರ್ ಡೀಸೆಲ್ ಹಾರ್ಡ್‌ಟಾಪ್, ವಿರಾಜಪೇಟೆಯ 2023ರ ಜಿಮ್ನಿ. ಮೂರೂ ಮ್ಯಾನುಯಲ್ ಗೇರ್, ಮೂರೂ ಫೋರ್ ವೀಲ್ ಡ್ರೈವ್.

ಅಸಲಿ ಎಂಎಂ 540 ತಗೊಳ್ಳಬಾರದಾ ಅಂತ ಕೇಳಬಹುದು. ನೋಡಿದೆ. 1985ರಲ್ಲಿ ಬಂದ ಮಾದರಿ ಅದು, 2.1 ಲೀಟರಿನ ಪ್ಯೂಜೊ ಡೀಸೆಲ್ ಇಂಜಿನ್. ಕಣ್ಣಿಗೆ ಹಬ್ಬ. ಆದರೆ ಮಾರಾಟಕ್ಕೆ ಸಿಕ್ಕವುಗಳಲ್ಲಿ ಪೇಪರ್ ಒಂದು, ಇಂಜಿನ್ ಇನ್ನೊಂದು. ಅದನ್ನು ಅಲ್ಲಿಗೇ ಬಿಟ್ಟೆ.

ಮೊದಲು ಹಳೆ ಥಾರ್. 2010ರಲ್ಲಿ ಮಹೀಂದ್ರಾ ಹಳೆ ಜೀಪಿನ ಮುಖಕ್ಕೆ 2.5 ಲೀಟರಿನ ಸಿಆರ್‌ಡಿಇ (ಕಾಮನ್ ರೈಲ್ ಡೀಸೆಲ್) ಇಂಜಿನ್ ಹಾಕಿ ಇದನ್ನು ತಂದಿತು. 105 ಕುದುರೆ ಶಕ್ತಿ, 247 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ತಾಕತ್ತು. ತೋಟದವನಿಗೆ ಮುಖ್ಯವಾಗುವುದು ಎರಡನೇ ಅಂಕಿ, ಅದರಲ್ಲೂ ಅದು ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ತಿರುಗುವಾಗ ಸಿಗುತ್ತದೆ ಅನ್ನೋದು. ಇಲ್ಲಿ 1800ರಿಂದ 2000ದೊಳಗೇ ಪೂರ್ತಿ ಸಿಗುತ್ತದೆ. ಅಂದರೆ ಆಕ್ಸಿಲರೇಟರ್ ಒತ್ತಿ ಕೂಗಿಸುವ ಅಗತ್ಯ ಇಲ್ಲ. ಹಿಂದೆ ಗೊಬ್ಬರದ ಮೂಟೆ ತುಂಬಿಸಿ, ಫೋರ್ ವೀಲಿನ ಲೋ ರೇಂಜ್‌ಗೆ (ನಿಧಾನಕ್ಕೆ, ಜೋರಾಗಿ ಎಳೆಯುವ ಗೇರಿಗೆ) ಹಾಕಿ, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಅದರ ಪಾಡಿಗೆ ಅದು ಹತ್ತುತ್ತದೆ. ಹಿಂದಿನ ಪಟ್ಟಾ ಸ್ಪ್ರಿಂಗ್ ಖಾಲಿ ಇದ್ದಾಗ ಬೆನ್ನುಮೂಳೆ ಅಲ್ಲಾಡಿಸುತ್ತದೆ. ಮೂಟೆ ಬಿದ್ದ ಕೂಡಲೇ ಗಾಡಿ ಸಮಾಧಾನಕ್ಕೆ ಬರುತ್ತದೆ. ಭಾರ ಹೊರಲಿಕ್ಕೇ ಹುಟ್ಟಿದ ಗಾಡಿ ಅನ್ನೋದು ಆಗ ಗೊತ್ತಾಗುತ್ತದೆ.

ಗುಂಡಿಯ ಹತ್ತಿರ ಆದದ್ದನ್ನು ಹೇಳಲೇಬೇಕು. ಹಿಂದಿನ ಎಡಚಕ್ರ ಗುಂಡಿಯ ಮೇಲೆ ತೂಗಾಡಿ ಸುಮ್ನೆ ಸುತ್ತತೊಡಗಿತು. ಗಾಡಿ ನಿಂತೇ ಹೋಯಿತು ಅಂದುಕೊಳ್ಳುವಷ್ಟರಲ್ಲಿ ಕೆಳಗೆ ಟಕ್ ಅಂತ ಒಂದು ಸದ್ದು. ಬಲಚಕ್ರಕ್ಕೂ ಶಕ್ತಿ ಬಂತು. ಒಂದು ಕುಲುಕು ಕುಲುಕಿ ಮೇಲೆ ಬಂತು. ಅದು ಹಿಂದಿನ ಆಕ್ಸಲ್‌ನ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್. ಡಿಫರೆನ್ಷಿಯಲ್ ಅಂದರೆ ಎರಡು ಚಕ್ರಕ್ಕೂ ಶಕ್ತಿ ಹಂಚುವ ಗೇರ್ ಡಬ್ಬಿ. ಒಂದು ಚಕ್ರ ಇನ್ನೊಂದಕ್ಕಿಂತ ತುಂಬಾ ಜೋರಾಗಿ ಸುತ್ತಿದರೆ ತಾನಾಗಿಯೇ ಎರಡನ್ನೂ ಬಿಗಿಯುತ್ತದೆ. ಇದು ಬಂದದ್ದು 2015ರ ಬದಲಾವಣೆಯ ಜೊತೆ. ಹಾಗಾಗಿ ಹಳೆ ಥಾರ್ ಹುಡುಕುವವರು ಆ ವರ್ಷದ ನಂತರದ್ದನ್ನೇ ಹುಡುಕಿ. ಇನ್ನೊಂದು ವಿಷಯ. ಅದೇ ಕಾಲದಲ್ಲಿ ಥಾರ್ ಡಿಐ ಅಂತಲೂ ಇತ್ತು. ನೋಡಲು ಹೆಚ್ಚುಕಮ್ಮಿ ಒಂದೇ ಥರ, ಆದರೆ ಶಕ್ತಿ ಬರೀ 63 ಕುದುರೆ. ಮಾರುವವರು ‘ಥಾರ್’ ಅಂತಷ್ಟೇ ಹೇಳುತ್ತಾರೆ. ಬಾನೆಟ್ ತೆಗೆಸಿ ಇಂಜಿನ್ ನೋಡಿ, ಆರ್‌ಸಿಯನ್ನೂ ನೋಡಿ.

ಇದರ ಕಷ್ಟಗಳೂ ಕಮ್ಮಿ ಇಲ್ಲ. ಕ್ಲಚ್ ಗಟ್ಟಿ. ಮಡಿಕೇರಿ ಪೇಟೆಯ ಏರಿನ ಟ್ರಾಫಿಕ್‌ನಲ್ಲಿ ಎಡಗಾಲು ಸೋಲುತ್ತದೆ. ಹಿಂದೆ ಎದುರುಬದುರು ಬೆಂಚು ಸೀಟು. ಮೈಸೂರಿಗೆ ಹೋಗುವಾಗ ಅಲ್ಲಿ ಯಾರನ್ನಾದರೂ ಕೂರಿಸುವುದು ಪಾಪದ ಕೆಲಸ. ಏರ್‌ಬ್ಯಾಗ್ ಇಲ್ಲ. ಕ್ಯಾನ್ವಾಸ್ ಟಾಪಿನ ಗಾಡಿಯಲ್ಲಿ ನಮ್ಮ ಜುಲೈ ಮಳೆ ಬಾಗಿಲ ಸಂದಿನಿಂದ ಒಳಗೇ ಬರುತ್ತದೆ.

ಆ ನೀರಿನಿಂದಲೇ ತುಕ್ಕು ಶುರುವಾಗುವುದು. ಕೊಡಗಿನ ಗಾಡಿ ನೋಡುವಾಗ ಪೇಂಟ್ ನೋಡಬೇಡಿ, ಮ್ಯಾಟ್ ಎತ್ತಿಸಿ. ಡ್ರೈವರ್ ಕಾಲಿನ ಕೆಳಗಿನ ತಗಡನ್ನು ಬೆರಳಿನಿಂದ ಒತ್ತಿ. ಪಟ್ಟಾ ಕೂರುವ ಜಾಗದಲ್ಲಿ ಚಾಸಿಯನ್ನು ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಮುಂದಿನ ಆಕ್ಸಲ್ ರಬ್ಬರ್ ಹರಿದಿದ್ದರೆ ಒಳಗೆ ಮಣ್ಣು ಹೋಗಿರುತ್ತದೆ. ಡಿಫರೆನ್ಷಿಯಲ್‌ನ ಆಯಿಲ್ ಸ್ವಲ್ಪ ತೆಗೆಸಿ ನೋಡಿ. ಹಾಲು ಹಾಕಿದ ಬಣ್ಣಕ್ಕೆ ತಿರುಗಿದ್ದರೆ ಗಾಡಿ ಹೊಳೆಯಲ್ಲಿ ಇಳಿದಿದೆ, ಒಳಗೆ ನೀರು ಹೋಗಿದೆ, ಆಮೇಲೆ ಯಾರೂ ಆಯಿಲ್ ಬದಲಿಸಿಲ್ಲ ಅಂತಲೇ ಅರ್ಥ. ನಾನು ಕರೆದುಕೊಂಡು ಹೋಗಿದ್ದ ಮೆಕ್ಯಾನಿಕ್ ಅಣ್ಣ ಇಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಇದನ್ನೆಲ್ಲ ನೋಡಿ ಮುಗಿಸಿದ್ದರು. ಮಾಂದಲಪಟ್ಟಿ ಏರಿನಲ್ಲಿ ದಿನಾ ಪ್ರವಾಸಿಗರನ್ನು ಹೊತ್ತ ಗಾಡಿಯಾದರೆ ಇನ್ನೂ ಹುಷಾರಾಗಿ ನೋಡಬೇಕು. ಮೀಟರಿನಲ್ಲಿ ಕಿಲೋಮೀಟರ್ ಕಮ್ಮಿ ಇರುತ್ತದೆ, ಆದರೆ ಅಷ್ಟೂ ಕಲ್ಲಿನ ಮೇಲೆ, ಲೋ ಗೇರಿನಲ್ಲಿ ಓಡಿದ್ದು.

ಹೊಸ ಥಾರ್ ಬೇರೆಯೇ ಲೋಕ. 2020ರ ಅಕ್ಟೋಬರ್ 2ರಂದು ಮಾರುಕಟ್ಟೆಗೆ ಬಂತು. 2.2 ಲೀಟರ್ ಡೀಸೆಲ್, 130 ಕುದುರೆ ಶಕ್ತಿ, 300 ನ್ಯೂಟನ್ ಮೀಟರ್, ಆರು ಗೇರ್. ಹಿಂದೆ ಪಟ್ಟಾ ಹೋಗಿ ಕಾಯಿಲ್ ಸ್ಪ್ರಿಂಗ್ ಬಂದಿದೆ. ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೂ ಮಕ್ಕಳ ರಕ್ಷಣೆಗೂ ನಾಲ್ಕು ಸ್ಟಾರ್ ಪಡೆದಿದೆ. ಮೈಸೂರು ರಸ್ತೆಯಲ್ಲಿ ಓಡಿಸಿದಾಗ ಜೀಪಿನಲ್ಲಿ ಇದ್ದೇನೆ ಅನ್ನಿಸಲೇ ಇಲ್ಲ. ಹುಣಸೂರಿನ ಆಚೆ ನೂರರ ವೇಗದಲ್ಲೂ ಸ್ಟೇರಿಂಗ್ ಅಲುಗಾಡದೆ ಇತ್ತು, ಪಕ್ಕದಲ್ಲಿದ್ದವರ ಮಾತು ಕೇಳಿಸುತ್ತಿತ್ತು. ಎಳೆಯುವ ತಾಕತ್ತು ಮೂರರಲ್ಲೂ ಇದಕ್ಕೇ ಜಾಸ್ತಿ. ಆನೆಕಾಡು ದಾಟಿ ಮಡಿಕೇರಿ ಕಡೆ ಹತ್ತುವಾಗ ಲಾರಿಯನ್ನು ಹಿಂದೆ ಹಾಕಲು ಗೇರ್ ಇಳಿಸಬೇಕಾಗಿ ಬರಲಿಲ್ಲ.

ತೋಟಕ್ಕೆ ಬಂದಾಗ ತೊಂದರೆ ಶುರು. ಹಳೆ ಥಾರ್‌ನ ಅಗಲ 1726 ಮಿಲಿಮೀಟರ್, ಇದರದ್ದು 1820. ಹತ್ತಿರ ಹತ್ತಿರ ಹತ್ತು ಸೆಂಟಿಮೀಟರ್ ಜಾಸ್ತಿ. ಪೇಪರಿನ ಮೇಲೆ ಏನೂ ಅಲ್ಲ. ನಮ್ಮ ಗೇಟಿನ ಕಲ್ಲುಕಂಬಗಳ ನಡುವೆ ಮಾತ್ರ ಕನ್ನಡಿ ಮಡಚಿ, ಒಬ್ಬರು ಮುಂದೆ ನಿಂತು ಕೈ ತೋರಿಸಿ, ಅಂಗುಲ ಅಂಗುಲವಾಗಿ ತರಬೇಕಾಯಿತು. ಒಳಗೆ ರೊಬಸ್ಟಾ ಕಾಫಿ ಗಿಡದ ರೆಂಬೆಗಳು ಎರಡೂ ಕಡೆ ಬಾಗಿಲಿಗೆ ಉಜ್ಜಿದವು. ಮಾಲೀಕರ ಮುಖ ನೋಡಿ ನನಗೇ ಬೇಜಾರಾಯಿತು. ಹತ್ತುವ ವಿಷಯದಲ್ಲಿ ಮಾತ್ರ ಯಾವ ದೂರೂ ಇಲ್ಲ. ಗುಂಡಿಯನ್ನು ಲೆಕ್ಕಕ್ಕೇ ಇಡದೆ ಬಂತು. 650 ಮಿಲಿಮೀಟರ್ ಆಳದ ನೀರು ದಾಟಬಹುದು ಅಂತ ಕಂಪನಿ ಹೇಳುತ್ತದೆ. ನಮ್ಮ ತೋಡಿಗೆ ಅಷ್ಟು ಧಾರಾಳ ಸಾಕು.

ಮನೆಯಲ್ಲಿ ವಯಸ್ಸಾದವರಿದ್ದರೆ ಒಂದು ಸಂಗತಿ ಮೊದಲೇ ನೋಡಿಕೊಳ್ಳಿ. ಇದಕ್ಕೆ ಹಿಂದಿನ ಸೀಟಿಗೆ ಬೇರೆ ಬಾಗಿಲಿಲ್ಲ. ಮುಂದಿನ ಸೀಟು ಮಡಚಿ, ನುಸುಳಿ ಹಿಂದೆ ಹೋಗಬೇಕು. ನಮ್ಮಮ್ಮ ಒಂದು ಸಲ ಕಾಲಿಟ್ಟು ನೋಡಿ, “ನಾನು ಮುಂದೇನೇ ಕೂರ್ತೀನಪ್ಪ” ಅಂದುಬಿಟ್ಟರು.

ಸೆಕೆಂಡ್ ಹ್ಯಾಂಡ್ ಹೊಸ ಥಾರ್‌ನಲ್ಲಿ ನೋಡಲೇಬೇಕಾದ ಎರಡು ವಿಷಯ ಇವೆ. 2023ರ ಜನವರಿಯಿಂದ ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಥಾರ್ ಕೂಡ ಬಂತು, ಅದರ ಡೀಸೆಲ್ 1.5 ಲೀಟರಿನದ್ದು. ಫೋಟೋದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೇರ್ ಪಕ್ಕದಲ್ಲಿ ಫೋರ್ ವೀಲಿನ ಎರಡನೇ ಲಿವರ್ ಇದೆಯಾ ಅಂತ ನೋಡಿ. ಅದಿಲ್ಲದ ಗಾಡಿ ನಮ್ಮ ಮಳೆಗಾಲದ ತೋಟಕ್ಕೆ ಬೇಡ. ಎರಡನೆಯದು, 2020ರ ಸೆಪ್ಟೆಂಬರ್ 7ರಿಂದ ಡಿಸೆಂಬರ್ 25ರ ನಡುವೆ ತಯಾರಾದ 1577 ಡೀಸೆಲ್ ಥಾರ್‌ಗಳನ್ನು ಇಂಜಿನ್ ಒಳಗಿನ ಕ್ಯಾಮ್‌ಶಾಫ್ಟ್ ನೋಡಲು ಕಂಪನಿಯೇ ವಾಪಸ್ ಕರೆಸಿತ್ತು. ಆ ತಿಂಗಳುಗಳ ಗಾಡಿಯಾದರೆ ಸರ್ವಿಸ್ ದಾಖಲೆಯಲ್ಲಿ ಆ ಕೆಲಸ ಆಗಿದೆಯಾ ಅಂತ ಕೇಳಿ ತಿಳಿದುಕೊಳ್ಳಿ.

ಜಿಮ್ನಿ ಬಗ್ಗೆ ನಮ್ಮ ಕಡೆ ಹಲವರು ಮೂಗು ಮುರಿಯುತ್ತಾರೆ. ‘ಚಿಕ್ಕದು, ಪೆಟ್ರೋಲು, ತಾಕತ್ತಿಲ್ಲ’ ಅಂತ. ಅದೇ ಜನ ಮಾರುತಿಯ ಹಳೆ ಜಿಪ್ಸಿ ಅಂದರೆ ಪ್ರಾಣ ಬಿಡುತ್ತಾರೆ. 1985ರಲ್ಲಿ ಬಂದ ಜಿಪ್ಸಿಯೂ ಚಿಕ್ಕ ಪೆಟ್ರೋಲ್ ಗಾಡಿಯೇ ಅಲ್ವಾ? ಅದರ ಗುಟ್ಟು ಇದ್ದದ್ದು ಹಗುರದಲ್ಲಿ. 2023ರ ಜೂನ್‌ನಲ್ಲಿ ಬಂದ ಜಿಮ್ನಿಯ ಗುಟ್ಟೂ ಅದೇ. ತೂಕ ಸುಮಾರು 1200 ಕಿಲೋ, ಅಗಲ 1645 ಮಿಲಿಮೀಟರ್. ನಮ್ಮ ಗೇಟಿನಲ್ಲಿ ಕನ್ನಡಿ ಮಡಚದೆ ನುಗ್ಗಿದ್ದು ಇದೊಂದೇ. ಒದ್ದೆ ಮಣ್ಣಿನ ಏರಿನಲ್ಲಿ ಭಾರದ ಗಾಡಿಗಳು ಮಣ್ಣನ್ನು ಕಿತ್ತು ಹೂತುಕೊಳ್ಳುವ ಜಾಗದಲ್ಲಿ ಇದು ಮೇಲಿಂದ ಮೇಲೆ ಹೋಯಿತು. ಜಾರುವ ಚಕ್ರವನ್ನು ಬ್ರೇಕ್ ಹಿಡಿದು ನಿಲ್ಲಿಸಿ, ಉಳಿದದ್ದಕ್ಕೆ ಶಕ್ತಿ ಕೊಡುವ ವ್ಯವಸ್ಥೆ ಇದೆ. ಗುಂಡಿಯಲ್ಲಿ ಹಳೆ ಥಾರ್‌ನ ಹಾಗೆ ಕುಲುಕದೆ, ಕಟಕಟ ಅನ್ನುತ್ತಾ ಬಂತು. ಹಿಂದಿನ ಸೀಟಿಗೆ ಎರಡು ಬಾಗಿಲೂ ಇವೆ. ಅಮ್ಮನಿಗೆ ಮೂರರಲ್ಲಿ ಇಷ್ಟವಾದದ್ದು ಇದೇ.

ಆದರೆ ಮೂಟೆ? ಅಲ್ಲಿ ಇದು ಸೋಲುತ್ತದೆ. 134 ನ್ಯೂಟನ್ ಮೀಟರ್ ಟಾರ್ಕ್, ಅದೂ 4000 ಆರ್‌ಪಿಎಂಗೆ ಹೋದ ಮೇಲೆ. ಭಾರ ಹೇರಿ ಹತ್ತಿಸಿದರೆ ಇಂಜಿನ್ ಕೂಗುತ್ತದೆ, ಪೆಟ್ರೋಲ್ ಇಳಿಯುತ್ತದೆ. ಹಿಂದಿನ ಸೀಟು ಮಡಚಿದರೂ ಸಿಗುವ ಜಾಗ ಸಂತೆ ಸಾಮಾನಿಗೆ ಸರಿ, ಕಾಫಿ ಕೊಯ್ಲಿಗೆ ಸಾಲದು. ಬೆಲೆಯಲ್ಲಿ ಮಾತ್ರ ಚೌಕಾಸಿಗೆ ಒಳ್ಳೆ ಅವಕಾಶ ಇದೆ. 12.74 ಲಕ್ಷಕ್ಕೆ ಶುರುವಾಗಿದ್ದ ಹೊಸ ಗಾಡಿಯ ಎಕ್ಸ್ ಶೋರೂಂ ಬೆಲೆಯನ್ನು 2023ರ ಕೊನೆಯಲ್ಲೇ ಒಂದು ವಿಶೇಷ ಆವೃತ್ತಿಗೆ 10.74 ಲಕ್ಷಕ್ಕೆ ಇಳಿಸಿದ್ದರು. ಮೊದಲ ಬೆಲೆ ಹಿಡಿದು ಲೆಕ್ಕ ಹೇಳುವ ಮಾಲೀಕರಿಗೆ ಇದನ್ನು ನೆನಪಿಸಿ.

ನಾನು ತಗೊಂಡದ್ದು ಹಳೆ ಥಾರ್, 2016ರ ಆ ಸಿಆರ್‌ಡಿಇ. ಮನೆಯಲ್ಲಿ ಒಂದು ಚಿಕ್ಕ ಕಾರು ಇದೆ, ಅಮ್ಮನನ್ನು ಮೈಸೂರಿಗೆ ಕರೆದುಕೊಂಡು ಹೋಗಲು ಅದು ಸಾಕು. ನನಗೆ ಬೇಕಿದ್ದದ್ದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಹೊರುವ, ಮಳೆಗಾಲದಲ್ಲಿ ಗೊಬ್ಬರ ಹೊರುವ, ಕಂಬಕ್ಕೆ ತಾಗದೆ ಬರುವ ಜೀಪು. ಹಳೆ ಜೀಪಿನ ಕೆಲಸವನ್ನು ಪೂರ್ತಿ ಮಾಡುವುದು ಇದೊಂದೇ ಅಂತ ನನ್ನ ಗಟ್ಟಿ ಅಭಿಪ್ರಾಯ. ಮನೆಗೆ ಇರುವುದೇ ಒಂದು ಗಾಡಿ ಅನ್ನುವವರಿಗೆ ಹಳೆ ಥಾರ್ ತಗೊಳ್ಳಿ ಅಂತ ನಾನು ಹೇಳಲಾರೆ. ತೋಟದ ಗೇಟು ಅಗಲ ಇದ್ದರೆ ಹೊಸ ಥಾರ್ ಡೀಸೆಲ್ ಹಾರ್ಡ್‌ಟಾಪ್, ಕಿರಿದಾಗಿದ್ದು ಭಾರದ ಕೆಲಸ ಇಲ್ಲದಿದ್ದರೆ ಜಿಮ್ನಿ. ಏರ್‌ಬ್ಯಾಗ್ ಇಲ್ಲದ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿ ದಿನಾ ಹೈವೇ ಮೇಲೆ ಓಡಾಡುವುದು ಬೇಡ.

ಯಾವುದನ್ನೇ ನೋಡಿದರೂ ಅಲಂಕಾರಕ್ಕೆ ದುಡ್ಡು ಕೊಡಬೇಡಿ. ಮಾರಾಟಕ್ಕೆ ಬರುವ ಥಾರ್‌ಗಳಲ್ಲಿ ದಪ್ಪ ಟಯರ್, ಬುಲ್ ಬಾರ್ (ಮುಂದೆ ಹಾಕುವ ಕಬ್ಬಿಣದ ಗಾರ್ಡ್), ಸಾಲು ಲೈಟು ಇರೋದು ಮಾಮೂಲು. ಬುಲ್ ಬಾರ್ ಹಾಕಬಾರದು ಅಂತ ಕೇಂದ್ರ ಸಾರಿಗೆ ಇಲಾಖೆ 2017ರಲ್ಲೇ ಹೇಳಿದೆ. ಕಂಪನಿ ಕೊಟ್ಟ ರೂಪವನ್ನು ಮನಸ್ಸಿಗೆ ಬಂದ ಹಾಗೆ ಬದಲಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ದೊಡ್ಡ ಟಯರ್ ಹಾಕಿದರೆ ಕ್ಲಚ್ಚಿಗೂ ಆಕ್ಸಲಿಗೂ ಪೆಟ್ಟು. ಕಂಪನಿ ಟಯರ್ ಜೊತೆಗೇ ಇರುವ ಗಾಡಿ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ.

ಪೇಪರ್ ವಿಷಯ. ಕೊಡಗಿನದೇ ಕೆಎ 12 ನಂಬರಿನ ಗಾಡಿಯಾದರೆ ಸುಲಭ. ಹೆಸರು ಬದಲಾವಣೆಯ ಫಾರ್ಮ್ 29, 30 ಸಹಿ ಮಾಡಿಸಿಕೊಳ್ಳಿ, ಸಾಲ ಇದ್ದದ್ದಾದರೆ ಬ್ಯಾಂಕಿನಿಂದ ಸಾಲ ತೀರಿದ ಫಾರ್ಮ್ 35 ಮತ್ತು ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತರಿಸಿ, ಇನ್ಶೂರೆನ್ಸ್ ನಿಮ್ಮ ಹೆಸರಿಗೆ 14 ದಿನದೊಳಗೆ ಮಾಡಿಸಿ. ಕುಟ್ಟ, ಮಾಕುಟ್ಟದ ಆಚೆಯಿಂದ ಕೇರಳದ ಗಾಡಿ ಕಮ್ಮಿ ಬೆಲೆಗೆ ಸಿಗುತ್ತದೆ ಅಂದರೆ, ಅಲ್ಲಿನ ಆರ್‌ಟಿಒ ಎನ್‌ಒಸಿ ಮತ್ತು ಇಲ್ಲಿ ಕಟ್ಟಬೇಕಾದ ಲೈಫ್ ಟ್ಯಾಕ್ಸ್ ಎರಡನ್ನೂ ಸೇರಿಸಿ ಲೆಕ್ಕ ಹಾಕಿ, ಆಮೇಲೆ ಅಡ್ವಾನ್ಸ್ ಕೊಡಿ. 2010, 2011ರ ಥಾರ್‌ಗಳಿಗೆ ಹದಿನೈದು ವರ್ಷದ ಗಡಿ ಬಂದಿದೆ. ಫಿಟ್ನೆಸ್ ಪಾಸಾಗಿ ಆರ್‌ಸಿ ಇನ್ನೈದು ವರ್ಷಕ್ಕೆ ನವೀಕರಣ ಆಗಬೇಕು. ಆ ಕೆಲಸವನ್ನು ಮಾರುವವರೇ ಮುಗಿಸಿಕೊಡಲಿ, ದುಡ್ಡು ಆಮೇಲೆ.