ಕೋಸ್ಟರಿಕಾಗೆ ‘ಇಕೋ ಪ್ಯಾಕೇಜ್’ ತಗೊಳ್ತಿರೋರು ಅಡ್ವಾನ್ಸ್ ಕಟ್ಟೋಕ್ ಮುಂಚೆ ಇದನ್ನ ಓದ್ಬಿಡಿ

ಒಂದು ವಾರದ ಟ್ರಿಪ್ ಅಂತ ಕೋಸ್ಟರಿಕಾ ಪ್ಲಾನ್ ಮಾಡ್ತಿರೋರಿಗೆ ಅಂತಾನೇ ಬರೀತಿದೀನಿ. ಆ ದೇಶದ ಬಗ್ಗೆ ನಂದು ಒಂದ್ಮಾತೂ ಕಂಪ್ಲೇಂಟ್ ಇಲ್ಲ, ಅಂಥಾ ಕಾಡು ನಾನು ಇನ್ನೆಲ್ಲೂ ನೋಡಿಲ್ಲ. ನಮಗೆ ಮೋಸ ಮಾಡಿದ್ದು ಪ್ಯಾಕೇಜ್ ಮಾಡ್ಕೊಟ್ಟ ಏಜೆಂಟ್. ಹೆಸರು ಹಾಕಲ್ಲ, ಯಾಕಂದ್ರೆ ಹೆಸರು ಹಾಕಿದ್ರೆ ಅವನೊಬ್ಬನ್ನ ಬಿಟ್ಟು ಇದೇ ಪ್ಯಾಕೇಜ್ ಮಾರೋ ಇನ್ನೊಬ್ಬನ ಹತ್ರ ಹೋಗ್ತೀರ ಅಷ್ಟೇ.

ಬ್ರೋಷರಿಂದಾನೇ ಸುಳ್ಳು ಶುರು. ಮೊದಲ್ನೇ ಪೇಜಲ್ಲೇ ಅರೆನಾಲ್ ಜ್ವಾಲಾಮುಖಿಯಿಂದ ರಾತ್ರಿ ಹೊತ್ತು ಕೆಂಪಗೆ ಲಾವಾ ಇಳೀತಿರೋ ಫೋಟೋ, ಕೆಳಗಡೆ "ನಿಮ್ಮ ರೂಮಿಂದಾನೇ ನೋಡಿ" ಅಂತ. ಅರೆನಾಲ್ 1968ರಲ್ಲಿ ಸಿಡಿದ ಮೇಲೆ ದಶಕಗಟ್ಟಲೆ ಲಾವಾ ಉಗುಳ್ತಾ ಇದ್ದಿದ್ದು ನಿಜ, ಆದ್ರೆ 2010ರಿಂದ ಅದು ತಣ್ಣಗೆ ಕೂತಿದೆ. ಯಾರಾದ್ರೂ ಈಗ ಲಾವಾ ತೋರಿಸ್ತೀನಿ ಅಂದ್ರೆ ಅಲ್ಲಿಗೇ ಮಾತು ನಿಲ್ಲಿಸಿ, ಮುಂದಿಂದು ಏನೂ ಕೇಳ್ಬೇಡಿ.

ಆಮೇಲೆ ಓಡಾಟ. ಮ್ಯಾಪಲ್ಲಿ ಅರೆನಾಲ್ ಬುಡದಲ್ಲಿರೋ ಲಾ ಫೋರ್ಚುನಾ ಊರು, ಬೆಟ್ಟದ ಮೇಲೆ ಮಂಜಿನ ಕಾಡಿರೋ ಮೊಂಟೆವೆರ್ಡೆ ಪಕ್ಕಪಕ್ಕದಲ್ಲೇ ಇದೆ ಅನ್ಸತ್ತೆ, ಆದ್ರೆ ನಡುವೆ ಅರೆನಾಲ್ ಕೆರೆ ಇದೆ, ರಸ್ತೆ ಅದನ್ನ ಪೂರ್ತಿ ಸುತ್ತಾಕೊಂಡು ಆಮೇಲೆ ಬೆಟ್ಟ ಹತ್ತತ್ತೆ, ಮೂರ್ನಾಲ್ಕು ಗಂಟೆ ಬೇಕೇಬೇಕು. ನಮ್ಮ ಏಜೆಂಟ್ ಅದನ್ನ ಒಂದು ಗಂಟೆ ಅಂತ ಬರ್ದು ಅವತ್ತೇ ಬೆಳಿಗ್ಗೆ ಮಂಜಿನ ಕಾಡಿನ ವಾಕ್ ಬೇರೆ ಹಾಕಿದ್ದ, ಅದು ತಪ್ಪೋಯ್ತು, ದುಡ್ಡೂ ಹೋಯ್ತು. ದೇಶ ಚಿಕ್ಕದು, ಐವತ್ತೊಂದು ಸಾವಿರ ಚದರ ಕಿಲೋಮೀಟರ್ ಅಷ್ಟೇ, ಹಾಗಂತ ಒಂದೇ ವಾರಕ್ಕೆ ಐದು ಜಾಗ ತುಂಬಿದ್ರೆ ಹಗಲೆಲ್ಲಾ ವ್ಯಾನಲ್ಲೇ ಕಳಿಯತ್ತೆ. ಎರಡು ಜಾಗ ಸಾಕು, ಹೆಚ್ಚಂದ್ರೆ ಮೂರು.

ಇದೆಲ್ಲಾ ಹೋಗ್ಲಿ ಅನ್ಬೋದು. ನನಗೆ ಇವತ್ತಿಗೂ ಸಿಟ್ಟು ಬರೋದು ಆ ‘ರೆಸ್ಕ್ಯೂ ಸೆಂಟರ್’ ನೆನೆಸ್ಕೊಂಡ್ರೆ. ಪ್ರಾಣಿಗಳನ್ನ ಮುಟ್ಟಿಸೋ ಜಾಗ ಯಾವ್ದೂ ಬೇಡ ಅಂತ ನಾನು ಬುಕ್ ಮಾಡೋಕ್ ಮುಂಚೇನೇ ಮೆಸೇಜಲ್ಲಿ ಬರ್ದು ಕೇಳಿದ್ದೆ, "ಛೆ ಛೆ, ನಮ್ದು ಪಕ್ಕಾ ಇಕೋ ಮೇಡಂ" ಅಂದಿದ್ದ. ಹೋಗಿ ನೋಡಿದ್ರೆ ಅಲ್ಲಿ ಕೆಲ್ಸದವನು ಕೊಂಬೆಯಿಂದ ಒಂದು ಸ್ಲಾತನ್ನ (ಮರದಲ್ಲೇ ನೇತಾಡ್ಕೊಂಡಿರೋ ತುಂಬಾ ನಿಧಾನದ ಪ್ರಾಣಿ) ಕೀಳ್ತಿದಾನೆ, ಕೀಳೋದೇ ಸರಿಯಾದ ಮಾತು, ಅದರ ಉಗುರು ಕೊಂಬೆ ಬಿಡ್ತಾನೇ ಇಲ್ಲ, ಒಂದೊಂದೇ ಉಗುರು ಬಿಡಿಸಿ ಮುಂದೆ ನಿಂತಿದ್ದೋರ ಕೈಗೆ ಕೊಟ್ಟ, ಅವ್ರು ಸೆಲ್ಫಿ ತಗೊಂಡು ಪಕ್ಕದೋರಿಗೆ ದಾಟಿಸಿದ್ರು. ಎಲ್ರೂ ನೋಡಿ ನಗ್ತಾ ಇದೆ ಅಂತಾರೆ. ಅದರ ಮುಖದ ಆಕಾರಾನೇ ಹಾಗೆ, ಹೆದರಿದಾಗ್ಲೂ ಹಾಗೇ ಕಾಣ್ಸತ್ತೆ, ಕಿರುಚಲ್ಲ, ಓಡಲ್ಲ, ಸುಮ್ನೆ ಮರಗಟ್ಟಿ ಕೂತಿರತ್ತೆ. ನನ್ನ ಮಗಳು "ಅಮ್ಮ, ಅದನ್ನ ವಾಪಸ್ ಮರಕ್ಕೆ ಬಿಡೋಕೆ ಹೇಳು" ಅಂತ ಅಳೋಕೆ ಶುರು ಮಾಡಿದ್ಲು, ನಾವು ಹೊರಗೆ ಬಂದ್ಬಿಟ್ವಿ. ಕೋಸ್ಟರಿಕಾ ಸರ್ಕಾರಾನೇ 2019ರಲ್ಲಿ ಕಾಡುಪ್ರಾಣಿ ಜೊತೆ ಇಂಥಾ ಸೆಲ್ಫಿ ಬೇಡ ಅಂತ ದೊಡ್ಡ ಅಭಿಯಾನ ಮಾಡಿದೆ. ಸರಿಯಾದ ರೆಸ್ಕ್ಯೂ ಸೆಂಟರಲ್ಲಿ ನಿಮ್ಮನ್ನ ದೂರ ನಿಲ್ಲಿಸ್ತಾರೆ, ಮುಟ್ಟೋಕೆ ಬಿಡಲ್ಲ, ತಿನ್ಸೋಕೂ ಬಿಡಲ್ಲ. ಯಾವ ಜಾಗದ ಫೋಟೋದಲ್ಲಿ ಟೂರಿಸ್ಟ್ ಕೈಯಲ್ಲಿ ಪ್ರಾಣಿ ಇರತ್ತೋ ಆ ಜಾಗ ಬೇಡವೇ ಬೇಡ.

ಕಡಲಾಮೆಗಳಿಗೆ ಹೆಸರಾದ ಕಡಲತೀರದ ಹಳ್ಳಿ ಟೋರ್ಟುಗೆರೊದಲ್ಲೂ ಇದೇ ಕಥೆ ಆಗ್ತಿತ್ತು. ಅಲ್ಲಿಗೆ ರಸ್ತೆ ಇಲ್ಲ, ದೋಣಿ ಇಲ್ಲಾ ಚಿಕ್ಕ ವಿಮಾನ. ಜುಲೈಯಿಂದ ಅಕ್ಟೋಬರ್ ತನಕ ಹಸಿರು ಕಡಲಾಮೆಗಳು ರಾತ್ರಿ ಮೊಟ್ಟೆ ಇಡೋಕೆ ಬರ್ತವೆ, ನೋಡ್ಬೇಕಂದ್ರೆ ಲೈಸೆನ್ಸ್ ಇರೋ ಗೈಡ್ ಜೊತೇನೇ ಹೋಗ್ಬೇಕು, ಕ್ಯಾಮೆರಾ ಮೊಬೈಲ್ ಏನೂ ತಗೊಂಡು ಹೋಗಂಗಿಲ್ಲ. ಏಜೆಂಟ್ ಕಡೆ ಹುಡುಗ ಬಂದು "ಟಿಕೆಟ್ ಎಲ್ಲಾ ಬೇಡ, ನಾನೇ ಬೀಚಿಗೆ ಕರ್ಕೊಂಡು ಹೋಗ್ತೀನಿ, ಫೋಟೋನೂ ತೆಗೀಬೋದು" ಅಂದ. ನಮ್ಮನೆಯವ್ರು ಐಡಿ ಕಾರ್ಡ್ ತೋರಿಸಪ್ಪ ಅಂದ ತಕ್ಷಣ ಜಾಗ ಖಾಲಿ ಮಾಡ್ದ. ನಾವು ಊರಲ್ಲೇ ಇದ್ದ ಲೈಸೆನ್ಸ್ ಗೈಡನ್ನ ಹಿಡಿದು ಹೋದ್ವಿ. ಆಮೆ ದಡಕ್ಕೆ ಹತ್ತುವಾಗ ಬೆಳಕು ಬಿದ್ರೆ ಮೊಟ್ಟೆ ಇಡದೇ ವಾಪಸ್ ನೀರಿಗೆ ಹೋಗ್ಬಿಡತ್ತಂತೆ, ಅದಕ್ಕೇ ಅದು ಗುಂಡಿ ತೋಡಿ ಮೊಟ್ಟೆ ಇಡೋಕೆ ಶುರು ಮಾಡೋ ತನಕ ನಮ್ಮನ್ನ ಕತ್ತಲಲ್ಲೇ ಕೂರಿಸಿದ್ರು, ಆಮೇಲೆ ಹಿಂದ್ಗಡೆಯಿಂದ ಕೆಂಪು ಲೈಟಲ್ಲಿ ತೋರಿಸಿದ್ರು, ಪಿಂಗ್‌ಪಾಂಗ್ ಚೆಂಡಿನ ಥರ ಬೆಳ್ಳಗೆ ಒಂದಾದ ಮೇಲೆ ಒಂದು ಬೀಳ್ತಾನೇ ಇತ್ತು. ಇಡೀ ಟ್ರಿಪ್ಪಲ್ಲಿ ಕೊಟ್ಟ ದುಡ್ಡಿಗೆ ಬೆಲೆ ಸಿಕ್ಕಿದ್ದು ಅವತ್ತು ರಾತ್ರಿ, ಅದು ಏಜೆಂಟ್ ಕೊಟ್ಟಿದ್ದಲ್ಲ.

ಕೊನೇಲಿ ಮ್ಯಾನುಯೆಲ್ ಆಂಟೋನಿಯೊ ಪಾರ್ಕ್. ನಮ್ಮ ಪ್ಲಾನಲ್ಲಿ ಅದು ಮಂಗಳವಾರ ಇತ್ತು, ಆ ಪಾರ್ಕಿಗೆ ಮಂಗಳವಾರ ರಜಾ! ಟಿಕೆಟ್ಟೂ ಗೇಟಲ್ಲಿ ಕೊಡಲ್ಲ, ಸಿನಾಕ್ ಅನ್ನೋ ಸರ್ಕಾರಿ ಸಂಸ್ಥೆ ಸೈಟಲ್ಲೇ ಮುಂಚೆ ತಗೋಬೇಕು. ಪಾರ್ಕಿಗೆ ಹೋಗೋ ದಾರೀಲಿ ಯೂನಿಫಾರ್ಮ್ ಥರ ಶರ್ಟ್ ಹಾಕ್ಕೊಂಡು ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸೋರು ಇರ್ತಾರೆ, ಅವ್ರು ಪಾರ್ಕಿನೋರಲ್ಲ, ನಿಲ್ಲಿಸದೇ ಮುಂದೆ ಹೋಗಿ.

ಹಾಗಾಗಿ ಯಾರ ಹತ್ರ ಬುಕ್ ಮಾಡಿದ್ರೂ ಪಾರ್ಕ್ ಟಿಕೆಟ್ ಮೇಲೆ ನಿಮ್ಮ ಹೆಸರು ತಾರೀಖು ಇದೆಯಾ ನೋಡಿ, ಗೈಡ್ ಲೈಸೆನ್ಸ್ ಕೇಳಿ. ಅಲ್ಲಿನ ಪ್ರವಾಸೋದ್ಯಮ ಇಲಾಖೆ ಹೋಟೆಲ್‌ಗೂ ಟೂರ್ ಕಂಪನಿಗೂ ಪರಿಸರಕ್ಕೆ ಹಾನಿ ಮಾಡದೇ ನಡೆಸ್ತಾರೆ ಅನ್ನೋಕೆ ಸಿಎಸ್‌ಟಿ ಅಂತ ಸರ್ಟಿಫಿಕೇಟ್ ಕೊಡತ್ತೆ, ಬ್ರೋಷರಲ್ಲಿ ಹಸಿರು ಎಲೆ ಚಿತ್ರ ಇದ್ರೆ ಅದೇ ಸಿಎಸ್‌ಟಿ ಅನ್ಕೋಬೇಡಿ, ಇಲಾಖೆ ಪಟ್ಟಿಯಲ್ಲಿ ಹೆಸರು ಹುಡುಕಿ. ಬಾಡಿಗೆ ಕಾರ್ ತಗೊಳ್ಳೋರು ಆನ್‌ಲೈನಲ್ಲಿ ಕಾಣೋ ರೇಟ್ ನಂಬ್ಬೇಡಿ, ಅಲ್ಲಿ ಕಡ್ಡಾಯ ಇರೋ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಎಷ್ಟೋ ಸಲ ಅದ್ರಲ್ಲಿ ಸೇರಿರಲ್ಲ, ಕೌಂಟರಲ್ಲಿ ಹೋದ್ಮೇಲೆ ಕೇಳ್ತಾರೆ.

ನಮ್ಮ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಕಾರ್ಡಲ್ಲಿ ಕಟ್ಟಿದ್ದಕ್ಕೆ ಬ್ಯಾಂಕಲ್ಲಿ ಡಿಸ್ಪ್ಯೂಟ್ ಹಾಕೋಕಾದ್ರೂ ಆಯ್ತು, ಆ "ಪಕ್ಕಾ ಇಕೋ" ಮೆಸೇಜ್ ಸ್ಕ್ರೀನ್‌ಶಾಟ್ ಸಮೇತ ಕೊಟ್ಟಿದೀನಿ. ನೀವೂ ಫೋನಲ್ಲಿ ಮಾತಾಡಿ ಮುಗಿಸ್ಬೇಡಿ, ಏನೇ ಕೇಳಿದ್ರೂ ಬರವಣಿಗೇಲಿ ಕೇಳಿ.