ಸರಸ್ವತಿಪುರಂನ ಸ್ಪೋಕನ್ ಇಂಗ್ಲಿಷ್ ಕ್ಲಾಸ್: ಪಾಠ ರುಚಿ, ಜಾಗ ಇಕ್ಕಟ್ಟು

ಭಾನುವಾರದ ಈ ಕ್ಲಾಸಿಗೆ ಸೇರಿದ್ದು ಆಫೀಸಿನ ಮೀಟಿಂಗ್‌ಗಳಿಗೋಸ್ಕರ. ಊಟ-ತಿಂಡಿಯ ನುಡಿಗಟ್ಟುಗಳ ಪಾಠ ನಿಜಕ್ಕೂ ಚೆನ್ನಾಗಿದೆ. 'ಸ್ಪಿಲ್ ದ ಬೀನ್ಸ್' ಅಂದರೆ ಗುಟ್ಟು ಬಿಟ್ಟುಕೊಡುವುದು. 'ಪಿಂಚ್ ಆಫ್ ಸಾಲ್ಟ್' ಜೊತೆ ತಗೋ ಅಂದರೆ ಪೂರ್ತಿ ನಂಬಬೇಡ ಅಂತ. ಮೇಡಂ ಸುಮ್ನೆ ಅರ್ಥ ಬರೆಸಿ ಮುಗಿಸುವುದಿಲ್ಲ. 'ಬ್ರಿಂಗ್ ಹೋಮ್ ದ ಬೇಕನ್' ಅಂದರೆ ದುಡಿದು ಮನೆ ನಡೆಸುವುದು. 1906ರಲ್ಲಿ ಬಾಕ್ಸರ್ ಜೋ ಗ್ಯಾನ್ಸ್‌ಗೆ ಅವನ ತಾಯಿ ಕಳಿಸಿದ ಟೆಲಿಗ್ರಾಂನಿಂದ ಅದು ಜನಪ್ರಿಯವಾಯಿತು ಎಂದರು. ಬೇಕನ್ ಅಂದರೆ ಹಂದಿಮಾಂಸ ಅಂತ ಗೊತ್ತಾದಾಗ ಪಕ್ಕದ ಆಂಟಿ ಮುಖ ಸಿಂಡರಿಸಿದರು!

ಆದರೆ ಬ್ಯಾಚಿನಲ್ಲಿ ಜನ ಜಾಸ್ತಿ, ಮಾತಾಡುವ ಸರದಿ ಬರುವುದೇ ಕಷ್ಟ. ನೋಟ್ಸ್‌ಗೆ ಬೇರೆ ದುಡ್ಡು ಕೇಳುವುದು ಸರಿಯಲ್ಲ, ಅಲ್ವಾ? ಸೇರುವುದಾದರೆ ಬೆಳಗಿನ ಬ್ಯಾಚ್ ಕೇಳಿ, ಅಲ್ಲಿ ಜನ ಕಮ್ಮಿ.