ಫೈಬರ್ ಒಂದು, ಸಿಮ್ ಒಂದು: ಎರಡನ್ನೂ ಜೋಡಿಸಲು ಹೋದ ಕಥೆ

ನಮ್ಮ ಮನೆ ಸಾಗರ ಪೇಟೆಯಿಂದ ಒಳಗೆ, ತೋಟದ ಅಂಚಿನಲ್ಲಿದೆ. ಫೈಬರ್ ಬಂದಿದೆ, 100 ಎಂಬಿಪಿಎಸ್. ಆದರೆ ಆ ಕೇಬಲ್ ಕರೆಂಟ್ ಕಂಬ, ಅಡಿಕೆ ಮರ, ಯಾರದೋ ಬೇಲಿ ಎಲ್ಲವನ್ನೂ ಹಿಡಿದುಕೊಂಡು ಬಂದಿದೆ. ಮಳೆಗಾಲದಲ್ಲಿ ಒಂದು ಕೊಂಬೆ ಬಿದ್ದರೆ ಸಾಕು, ಎರಡು ದಿನ ಕಥೆ ಮುಗಿಯಿತು. ಅದಕ್ಕೇ ಮಹಡಿಯ ಕಿಟಕಿಯಲ್ಲಿ ಒಂದು 4ಜಿ ರೂಟರ್ ಕೂಡ ಇಟ್ಟಿದ್ದೇನೆ. ಹಗಲು 15ರಿಂದ 20 ಎಂಬಿಪಿಎಸ್ ಸಿಗುತ್ತದೆ. ಎರಡಕ್ಕೂ ದುಡ್ಡು ಕೊಡುತ್ತೇನಲ್ಲ, ಎರಡನ್ನೂ ಒಟ್ಟಿಗೆ ಬಳಸಬಾರದೇಕೆ ಅಂತ ಶುರುವಾದ ಹುಚ್ಚು ಇದು.

ಮೊದಲು ಪುಕ್ಕಟೆ ದಾರಿ. ಲ್ಯಾಪ್‌ಟಾಪಿಗೆ ಫೈಬರ್ ರೂಟರಿನ ಕೇಬಲ್ ಚುಚ್ಚಿ, ವೈಫೈಯಲ್ಲಿ 4ಜಿ ಹಿಡಿಸಿದೆ. ವಿಂಡೋಸ್ ಎರಡನ್ನೂ ಕೂಡಿಸುತ್ತದೆ ಅಂದುಕೊಂಡಿದ್ದೆ. ಇಲ್ಲ. ಅದು ಮೆಟ್ರಿಕ್ ಅನ್ನುವ ಅಂಕಿ ನೋಡಿ, ಕಡಿಮೆ ಇರುವ ಕಡೆಗೇ ಎಲ್ಲವನ್ನೂ ಕಳಿಸುತ್ತದೆ. ಇನ್ನೊಂದು ಸುಮ್ನೆ ಕೂತಿರುತ್ತದೆ. ಹೊರಗೆ ಫೈಬರ್ ಕಡಿದಾಗಲೂ ಮನೆಯೊಳಗಿನ ತಂತಿ ಚೆನ್ನಾಗಿಯೇ ಇತ್ತು, ಹಾಗಾಗಿ ಲ್ಯಾಪ್‌ಟಾಪಿಗೆ ಅನುಮಾನವೇ ಬರಲಿಲ್ಲ. ಕೈಯಾರೆ ಕೇಬಲ್ ಕಿತ್ತ ಮೇಲೆ 4ಜಿಗೆ ಬಂತು. ಇದನ್ನು ಇಲ್ಲಿಗೇ ಬಿಡೋಣ.

ಎರಡನೆಯದು, ಎರಡು ವ್ಯಾನ್ ಪೋರ್ಟ್ (ಹೊರಗಿನ ಇಂಟರ್ನೆಟ್ ಲೈನ್ ಚುಚ್ಚುವ ಕಿಂಡಿ) ಇರುವ ರೂಟರ್. ಲೋಡ್ ಬ್ಯಾಲೆನ್ಸಿಂಗ್, ಅಂದರೆ ಎರಡೂ ಲೈನಿಗೆ ಕೆಲಸ ಹಂಚುವುದನ್ನು, ಆನ್ ಮಾಡಿ ಸ್ಪೀಡ್ ಟೆಸ್ಟ್ ಓಡಿಸಿದರೆ 115 ಬಂತು. ಕುಣಿದಾಡಿದೆ. ಆಮೇಲೆ ಒಂದು ದೊಡ್ಡ ಫೈಲ್ ಇಳಿಸಿದರೆ ಮತ್ತೆ ಅದೇ ಹಳೆಯ ವೇಗ. ಕಾರಣ ಸುಲಭ. ಸಾಗರದಿಂದ ಶಿವಮೊಗ್ಗಕ್ಕೆ ಎರಡು ರಸ್ತೆ ಇದ್ದರೆ ಬಸ್ಸುಗಳನ್ನು ಹಂಚಬಹುದು. ಒಂದೇ ಬಸ್ಸನ್ನು ಸೀಳಿ ಎರಡೂ ರಸ್ತೆಯಲ್ಲಿ ಓಡಿಸಲು ಆಗುತ್ತದಾ? ಈ ರೂಟರ್ ಹಂಚುವುದು ಕನೆಕ್ಷನ್‌ಗಳನ್ನು, ಅದರೊಳಗಿನ ಡೇಟಾ ತುಂಡುಗಳಾದ ಪ್ಯಾಕೆಟ್‌ಗಳನ್ನಲ್ಲ. ಸ್ಪೀಡ್ ಟೆಸ್ಟ್ ಒಟ್ಟಿಗೇ ಹಲವು ಕನೆಕ್ಷನ್ ತೆರೆಯುವುದರಿಂದ ಅಲ್ಲಿ ಮಾತ್ರ ಅಂಕಿ ಉಬ್ಬಿ ಕಾಣುತ್ತದೆ.

ಅದಾದರೂ ಪರವಾಗಿಲ್ಲ. ತಲೆನೋವು ಬೇರೆಯೇ ಇತ್ತು. ಬ್ಯಾಂಕಿನ ಪುಟ ಒಂದು ಕ್ಲಿಕ್‌ಗೆ ಫೈಬರ್ ಐಪಿಯಿಂದ (ನೆಟ್ಟಿನಲ್ಲಿ ಆ ಲೈನಿನ ವಿಳಾಸ), ಮುಂದಿನ ಕ್ಲಿಕ್‌ಗೆ 4ಜಿ ಐಪಿಯಿಂದ ಹೋಗುತ್ತಿತ್ತು. ಓಟಿಪಿ ಹಾಕುವಷ್ಟರಲ್ಲಿ ಲಾಗೌಟ್. ಇನ್ನೊಂದು ದಿನ ಸಂಜೆ ಅರ್ಧ ಪುಟಗಳು ತೆರೆಯುತ್ತಿವೆ, ಅರ್ಧ ತೆರೆಯುತ್ತಿಲ್ಲ. ತಲೆ ಕೆರೆದುಕೊಂಡೆ. ನೋಡಿದರೆ ಟಿವಿಯ ಸ್ಟ್ರೀಮ್ 4ಜಿ ಕಡೆ ಹೋಗಿ ದಿನದ 2 ಜಿಬಿ ಮುಗಿಸಿಬಿಟ್ಟಿತ್ತು. ಅಲ್ಲಿಂದ ಮುಂದೆ 64 ಕೆಬಿಪಿಎಸ್. ಆದರೂ ಪಿಂಗ್‌ಗೆ (ಲೈನ್ ಇದೆಯಾ ಅಂತ ಕೇಳುವ ಪುಟ್ಟ ಸಂದೇಶ) ಉತ್ತರ ಬರುತ್ತಿದೆಯಲ್ಲ, ರೂಟರ್ ಪಾಲಿಗೆ ಆ ಲೈನ್ ಜೀವಂತ. ತನ್ನ ಪಾಡಿಗೆ ಪಾಲು ಹಂಚುತ್ತಲೇ ಇತ್ತು.

ಮೂರನೆಯದು ಬಾಂಡಿಂಗ್. ಬಸ್ಸನ್ನು ನಿಜಕ್ಕೂ ಸೀಳುವುದು ಇದೇ. ಇದರ ಒಂದು ವಿದ್ಯೆಗೆ ಮಲ್ಟಿಪಾತ್ ಟಿಸಿಪಿ ಅಂತ ಹೆಸರು. 2013ರಲ್ಲೇ ಆಪಲ್ ಐಒಎಸ್ 7ರಲ್ಲಿ ತನ್ನ ಧ್ವನಿ ಸಹಾಯಕಿ ಸಿರಿಗೆ ಇದನ್ನು ಬಳಸಿತ್ತು. ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ ಬಂದಿದ್ದು 2020ರಲ್ಲಿ, 5.6ನೇ ಆವೃತ್ತಿಯ ಜೊತೆಗೆ. ತೊಡಕು ಏನೆಂದರೆ ಎರಡೂ ತುದಿಗೆ ಇದು ಗೊತ್ತಿರಬೇಕು. ಸಾಮಾನ್ಯ ವೆಬ್‌ಸೈಟಿಗೆ ಗೊತ್ತಿರುವುದಿಲ್ಲ. ಹಾಗಾಗಿ ಸೀಳಿದ್ದನ್ನು ಮತ್ತೆ ಹೊಲಿಯಲು ನಡುವೆ ಒಂದು ಸರ್ವರ್ ಬೇಕು. ಈ ಕೆಲಸ ಮಾಡುವ ಓಪನ್‌ಎಂಪಿಟಿಸಿಪಿರೂಟರ್ ಅನ್ನುವ ಸಾಫ್ಟ್‌ವೇರ್ ಹಾಕಿ, ಬೆಂಗಳೂರಿನಲ್ಲಿ ಒಂದು ಸರ್ವರ್ ಬಾಡಿಗೆಗೆ ತೆಗೆದುಕೊಂಡೆ. ಇದು ತಿಂಗಳ ಮೂರನೇ ಬಿಲ್ಲು, ಗೊತ್ತಿರಲಿ.

ಬೆಳಗಿನ ಜಾವ ಒಂದೇ ಫೈಲ್ 110ರ ತನಕ ಏರಿತು. ಮಧ್ಯಾಹ್ನ 4ಜಿಯ ಪಿಂಗ್‌ಗೆ ಉತ್ತರ ಬರುವ ಸಮಯ 150 ಮಿಲಿಸೆಕೆಂಡ್ ದಾಟಿದಾಗ ಒಟ್ಟು ವೇಗ ಫೈಬರ್ ಒಂದಕ್ಕಿಂತಲೂ ಕೆಳಗೆ ಬಿತ್ತು. ಒಂದು ಕಡೆ ಹೋರಿ, ಇನ್ನೊಂದು ಕಡೆ ಮುದಿ ಎತ್ತು ಕಟ್ಟಿದ ಗಾಡಿಯ ಹಾಗೆ. ಸಿನಿಮಾ ನೋಡುವ ಒಂದು ಆಪ್ ಅಂತೂ ಸರ್ವರಿನ ಐಪಿ ಕಂಡು ಒಳಗೇ ಬಿಡಲಿಲ್ಲ.

ಆದರೆ ಒಂದು ವಿಷಯದಲ್ಲಿ ಬಾಂಡಿಂಗ್‌ಗೆ ಸಾಟಿಯಿಲ್ಲ. ಸ್ಪೀಡಿಫೈ ಅನ್ನುವ ಬಾಂಡಿಂಗ್ ಆಪ್‌ನಲ್ಲಿ ರಿಡಂಡೆಂಟ್ ಮೋಡ್ ಇದೆ, ಒಂದೇ ಪ್ಯಾಕೆಟ್ ಎರಡೂ ಲೈನಿನಲ್ಲಿ ಹೋಗುತ್ತದೆ. ಮೀಟಿಂಗ್ ನಡುವೆ ಬೇಕೆಂದೇ ಫೈಬರ್ ಕಿತ್ತೆ. ಆ ಕಡೆಯವರಿಗೆ ಗೊತ್ತೇ ಆಗಲಿಲ್ಲ. ಬೆಲೆ ಅಂದರೆ ಡೇಟಾ ಎರಡು ಪಟ್ಟು. ದಿನಕ್ಕೆ 2 ಜಿಬಿ ಸಿಮ್‌ನಲ್ಲಿ ಇದು ದಿನಪೂರ್ತಿ ಓಡಿಸುವ ಆಟ ಅಲ್ಲ.

ಕೊನೆಗೆ ನಿಂತಿದ್ದು ಓಪನ್‌ಡಬ್ಲ್ಯುಆರ್‌ಟಿ (ರೂಟರಿಗೆ ಹಾಕುವ ಮುಕ್ತ ಸಾಫ್ಟ್‌ವೇರ್) ಹಾಕಿದ ಹಳೆಯ ರೂಟರ್, ಅದರ ಮೇಲೆ ಹಲವು ಲೈನ್ ನಿಭಾಯಿಸುವ ಎಂವ್ಯಾನ್3. ಇದೂ ಕನೆಕ್ಷನ್‌ಗಳನ್ನೇ ಹಂಚುತ್ತದೆ, ಆದರೆ ಯಾರ ಟ್ರಾಫಿಕ್ ಯಾವ ದಾರಿ ಅಂತ ನಾನೇ ಹೇಳಬಹುದು. ಮೊದಲ ಸಂಜೆ ಪೂರ್ತಿ ಹಾಳಾಯಿತು. ಫೈಬರ್ ಮೋಡೆಮ್, 4ಜಿ ರೂಟರ್ ಎರಡರ ವಿಳಾಸವೂ 192.168.1.1! ಒಂದನ್ನು ಬದಲಾಯಿಸಿದೆ. ಆಮೇಲೂ ಓಡಲಿಲ್ಲ. ಎರಡು ವ್ಯಾನ್‌ಗಳಿಗೂ ಬೇರೆ ಬೇರೆ ಮೆಟ್ರಿಕ್ ಕೊಡಬೇಕಿತ್ತು, ನಾನು ಕೊಟ್ಟಿರಲಿಲ್ಲ. ಎಂವ್ಯಾನ್3ರ ಪಾಲಿಸಿಯೊಳಗೂ (ಹಂಚುವ ನಿಯಮ) ಮೆಟ್ರಿಕ್ ಅಂತ ಇನ್ನೊಂದಿದೆ, ಅದು ಬೇರೆ. ಅಲ್ಲಿ ಎರಡಕ್ಕೂ ಒಂದೇ ಅಂಕಿ ಕೊಟ್ಟರೆ ವೇಯ್ಟ್, ಅಂದರೆ ಯಾರಿಗೆಷ್ಟು ಪಾಲು ಅನ್ನುವ ಅಂಕಿ, ನೋಡಿ ಹಂಚುತ್ತದೆ, ಬೇರೆ ಬೇರೆ ಕೊಟ್ಟರೆ ಕಡಿಮೆ ಇರುವುದು ಮೊದಲು, ಅದು ಸತ್ತರೆ ಇನ್ನೊಂದು.

ಈಗ ಟಿವಿ ಫೈಬರಿನಲ್ಲಿ ಮಾತ್ರ. ಫೈಬರ್ ಹೋದರೆ ಟಿವಿಯೂ ಇಲ್ಲ, ಜಗಳ ಬೇಡ ಅಂತ ಮೊದಲೇ ಹೇಳಿಟ್ಟಿದ್ದೇನೆ. ಆಫೀಸ್ ಲ್ಯಾಪ್‌ಟಾಪ್ ಮೊದಲು ಫೈಬರ್, ಆಮೇಲೆ 4ಜಿ. ಅಪ್ಪನ ಫೋನನ್ನು 4ಜಿಗೆ ಹಾಕಿದ್ದೇನೆ. ಅವರು ನೋಡುವುದು ಅಡಿಕೆ ರೇಟು, ಮಳೆ ಸುದ್ದಿ. ಅರ್ಧ ಜಿಬಿಯೂ ಆಗದು. ರಾತ್ರಿ 12ಕ್ಕೆ ಡೇಟಾ ಸುಮ್ನೆ ಹಾಳಾಗುತ್ತದಲ್ಲ ಅನ್ನುವ ಜಿಪುಣತನವೂ ತೀರುತ್ತದೆ. ಲೈನ್ ಇದೆಯಾ ಅಂತ ನೋಡಲು ಮನೆಯ ಮೋಡೆಮ್‌ಗೆ ಅಲ್ಲ, ಹೊರಗಿನ ಸರ್ವರ್‌ಗಳಾದ 8.8.8.8 ಮತ್ತು 1.1.1.1ಕ್ಕೆ ಪಿಂಗ್. ಐದು ಸೆಕೆಂಡಿಗೊಮ್ಮೆ ಕೇಳಿ, ಮೂರು ಸಲ ಉತ್ತರ ಬರದಿದ್ದರೆ ದಾರಿ ಬದಲು. ಕಾಲ್ ಇಪ್ಪತ್ತು ಸೆಕೆಂಡು ಹೆಪ್ಪುಗಟ್ಟಿ ಮತ್ತೆ ಹಿಡಿಯುತ್ತದೆ. ಅಷ್ಟು ಸಾಕು ನನಗೆ. ಗಮನಿಸಿದಿರಾ, ವೇಗಕ್ಕಾಗಿ ಹಂಚುವ ಕೆಲಸ ನಮ್ಮ ಮನೆಯಲ್ಲಿ ಉಳಿದೇ ಇಲ್ಲ. ಮುಖ್ಯ ಮೀಟಿಂಗ್ ಇದ್ದ ದಿನ ಮಾತ್ರ ಒಂದು ಗಂಟೆ ಸ್ಪೀಡಿಫೈ ಹಚ್ಚುತ್ತೇನೆ.

ಕಳೆದ ಮಳೆಗಾಲದಲ್ಲಿ ಕರೆಂಟ್ ಹೋಗಿ ಮೂರನೇ ದಿನಕ್ಕೆ ಟವರಿನ ಬ್ಯಾಟರಿಯೂ ಮಲಗಿತು. ಫೈಬರ್ ಅದಾಗಲೇ ಚರಂಡಿಯಲ್ಲಿ ಬಿದ್ದಿತ್ತು. ರೂಟರ್ ಎರಡೂ ಲೈನ್ ಡೌನ್ ಅಂತ ಸರಿಯಾಗಿಯೇ ತೋರಿಸಿತು. ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಸಾಗರಕ್ಕೆ ಬಸ್ ಹತ್ತಿದೆ.